ಬೇಡಿಕೊಳ್ಳೆಂದ ಒಡೆಯ

ಕಾರ್ಗಿಲ್ ವಿಜಯ ದಿನದಂದು ಲಕ್ಷ್ಮೇಶ್ವರದ ಬದಿಯ ಒಂದೂರಿನಲ್ಲಿ ಮಾಜಿ ಸೈನಿಕರ ಸನ್ಮಾನವಿತ್ತು. ಗಾಯಗೊಂಡು ಸೇನೆ ಬಿಟ್ಟ ಹಿರಿಯರೊಬ್ಬರು ನಾಯಕರಿಗಾಗಿ ಎರಡು ತಾಸು ಕಾದರು. ಶಾಲು ಬಂತು, ಫೋಟೊ ಆಯಿತು, ಊರುಗೋಲು ಹಿಡಿದು ವೇದಿಕೆ ಇಳಿದರು. ಮನೆಗೆ ಬಂದು ನಾನು ಆತಕೂರು ಶಾಸನವನ್ನು ಮತ್ತೆ ಓದಿದೆ.

ಮಂಡ್ಯ ಜಿಲ್ಲೆಯ ಆ ಕಲ್ಲಿಗೂ ಗದುಗಿನ ಸೀಮೆಗೂ ನಂಟಿದೆ. 949ರ ಸುಮಾರಿಗೆ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಕೊಟ್ಟ ನಾಡುಗಳಲ್ಲಿ ಬೆಳ್ವೊಲ 300, ಪುಲಿಗೆರೆ 300 ಸೇರಿವೆ. ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ನಮ್ಮ ನೆಲವೇ ಒಮ್ಮೆ ಯುದ್ಧದ ಬಹುಮಾನ! ಹಾಗಾಗಿ ಆ ಕಾಲವನ್ನು ಹೊಗಳಲು ನಾನು ಹೊರಟಿಲ್ಲ. ಆಳುವವರು ವೀರರನ್ನು ಮೆಚ್ಚುವುದರಲ್ಲಿ ಅಂದೂ ಲೆಕ್ಕಾಚಾರವಿತ್ತು.

ಆದರೂ ಬಿರುದುಗಳ ಸಾಲು ಮುಗಿದ ಮೇಲೆ ಶಾಸನದ ಮಾತು ಸರಳವಾಗುತ್ತದೆ. ಮಣಲೇರನ ಶೌರ್ಯಕ್ಕೆ ಮೆಚ್ಚಿದ ಒಡೆಯ, ಏನು ಬೇಕೋ ಬೇಡಿಕೊ ಅನ್ನುತ್ತಾನೆ. ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಡನೆ ಕಾದಾಡಿ ಅದು ಸತ್ತಾಗ ಕಲ್ಲು ನಿಂತಿತು, ಭೂಮಿ ಬಿಡಲಾಯಿತು. ಆ ಕಲ್ಲನ್ನು ಪೂಜಿಸದೆ ಗುಡಿಯ ಗೊರವ ಉಣ್ಣಬಾರದೆಂಬ ಕಟ್ಟಳೆಯೂ ಆಯಿತು. ವೀರನ ಬಾಯಿಂದ ಬಂದ ಒಂದು ಹೆಸರು ಕಲ್ಲಿನಲ್ಲಿ ಉಳಿಯಿತು.

ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ ಬಿರುದುಗಳು ಮಾತ್ರ ಉಳಿದಿವೆ. 'ಬೇಡಿಕೊ' ಎಂಬ ಮಾತು ಬಿಟ್ಟುಹೋಗಿದೆ.

ಅಂದು ಬಸ್ ನಿಲ್ದಾಣದಲ್ಲಿ ಆ ಹಿರಿಯರನ್ನು ಕೇಳಿದ್ದೆ, ನಿಮಗೇನು ಬೇಕಿತ್ತು ಎಂದು.

"ನನ್ನ ಜೋಡಿ ಇದ್ದಾವ ಒಬ್ಬ ಬರಲೇ ಇಲ್ಲ. ಅವನ ಹೆಸರ ಒಂದ್ ಸಲ ಮೈಕಿನ್ಯಾಗ ಹೇಳಬೇಕಿತ್ರಿ" ಅಂದರು.