ಬಿಟ್ಟುಹೋಗುವವರದ್ದೇ ತಪ್ಪೆ?

ಹೊಸಬರು ಸೇರಿದಷ್ಟೇ ಬೇಗ ಬಿಟ್ಟುಹೋಗುತ್ತಾರೆ ಎನ್ನುವುದು ನೆಟ್‌ವರ್ಕ್ ಮಾರ್ಕೆಟಿಂಗ್‌ನವರ ಹಳೆಯ ತಲೆನೋವು. ಉಡುಪಿ, ಮಣಿಪಾಲದ ಹೋಟೆಲ್ ಹಾಲ್‌ಗಳಿರಲಿ, ಕಾಪು, ಕಾರ್ಕಳದ ಮನೆ ಚಾವಡಿಗಳಿರಲಿ, ಮೀಟಿಂಗು ಎಲ್ಲಿ ನಡೆದರೂ ಇದಕ್ಕೆ ಸಿಗುವ ಮದ್ದು ಒಂದೇ. ಸೇರಿದ ದಿನವೇ ಹೆಸರುಪಟ್ಟಿ ಬರೆಸಿ, ವಾರ ತಪ್ಪದೆ ಮೀಟಿಂಗಿಗೆ ಕರೆತನ್ನಿ, ವಾಟ್ಸಾಪ್ ಗುಂಪಿನಲ್ಲಿ ದಿನಾ ಹುರಿದುಂಬಿಸಿ, ‘ನೆಗೆಟಿವ್’ ಮಾತಾಡುವವರಿಂದ ದೂರ ಇಡಿ. ಇಷ್ಟಾದರೂ ಬಿಟ್ಟರೆ ಆ ಮನುಷ್ಯನಿಗೆ ಛಲ ಇರಲಿಲ್ಲ ಎಂದು ಷರಾ ಬರೆದು ಮುಗಿಸುತ್ತಾರೆ. ಈ ಷರಾವನ್ನೇ ಸ್ವಲ್ಪ ಪರೀಕ್ಷಿಸಬೇಕು.

ಹೆಸರುಪಟ್ಟಿಯಿಂದಲೇ ಶುರುಮಾಡೋಣ. ಕಾರ್ಕಳದ ಕಡೆಯ ಗೃಹಿಣಿಯೊಬ್ಬರು ನೂರು ಹೆಸರು ಬರೆಯಲು ಕುಳಿತರೆ ಮೊದಲು ಬರುವುದು ಅತ್ತಿಗೆ, ನಾದಿನಿ, ದೊಡ್ಡಮ್ಮನ ಮಕ್ಕಳು. ಆಮೇಲೆ ಸ್ವಸಹಾಯ ಸಂಘದವರು, ಮುಂಬೈ ಹೋಟೆಲಿನಲ್ಲಿರುವ ಮಾವ, ದುಬೈಯಲ್ಲಿರುವ ತಮ್ಮ. ಇದು ಮಾರುಕಟ್ಟೆಯ ಪಟ್ಟಿಯಲ್ಲ, ಮದುವೆ ಕಾಗದ ಹಂಚುವ ಪಟ್ಟಿ. ಇದರಲ್ಲಿ ಐದಾರು ಮಂದಿ ದಾಕ್ಷಿಣ್ಯಕ್ಕೆ ಒಂದೊಂದು ಡಬ್ಬಿ ಪ್ರೋಟೀನ್ ಪುಡಿ ಕೊಳ್ಳುತ್ತಾರೆ, ಇಬ್ಬರು ಜಾಯ್ನ್ ಆಗುತ್ತಾರೆ. ಮೂರನೆಯ ತಿಂಗಳು ಕೊಳ್ಳುವವರೇ ಇಲ್ಲ. ಆಗ ಅಪ್‌ಲೈನಿನ, ಅಂದರೆ ಇವರನ್ನು ಸೇರಿಸಿದವರ, ಫೋನು: “ಅಕ್ಕಾ, ತಿಂಗಳ ಕೊನೆ ಬಂತು. ಸ್ವಲ್ಪ ಪಾಯಿಂಟ್ ಕಡಿಮೆ ಉಂಟು, ನೀವೇ ತೆಗೆದುಬಿಡಿ. ಇಲ್ಲದಿದ್ದರೆ ಐಡಿ ಆಕ್ಟಿವ್ ಇರುವುದಿಲ್ಲ.” ಐಡಿ ಉಳಿಯಲಿ ಎಂದು ಕೊಂಡ ಡಬ್ಬಿಗಳು ಕಪಾಟು ತುಂಬುತ್ತವೆ. ಕಂಪನಿಯ ಲೆಕ್ಕದಲ್ಲಿ ಅದು ಮಾರಾಟ. ಮನೆಯ ಲೆಕ್ಕದಲ್ಲಿ ಖರ್ಚು. ಪಾರ್ಟ್‌ನರ್ ಎಂದು ಸೇರಿಸಿಕೊಂಡವರು ಗೊತ್ತಿಲ್ಲದೆಯೇ ಗಿರಾಕಿಯಾಗಿರುತ್ತಾರೆ.

ಈ ಕೂಟಗಳಲ್ಲಿ ಒಳ್ಳೆಯದೇ ಇಲ್ಲವೆಂದಲ್ಲ. ನಾಲ್ಕು ಜನರ ಎದುರು ಬಾಯಿಬಿಡದ ಹೆಂಗಸರು ಮೈಕು ಹಿಡಿದು ಮಾತಾಡಲು ಕಲಿಯುತ್ತಾರೆ. ಹೆಸರು ಹಿಡಿದು ಕರೆದು ಚಪ್ಪಾಳೆ ತಟ್ಟುವ ಗುಂಪೊಂದು ಸಿಗುತ್ತದೆ. ಕೆಲವರು ಉಳಿಯುವುದು ಕಂಪನಿ ಕೊಡುವ ಪೇಔಟ್‌ಗಾಗಿ ಅಲ್ಲ, ಈ ಸ್ನೇಹಕ್ಕಾಗಿ. ಆದರೆ ಗುಂಪಿನಲ್ಲಿ ಇರಬೇಕಾದರೆ ತಿಂಗಳು ತಿಂಗಳು ಸಾಮಾನು ಕೊಳ್ಳಬೇಕೆಂದಾದರೆ, ಸ್ನೇಹಕ್ಕೂ ಬಿಲ್ಲು ಹಾಕಿದಂತಾಯಿತು.

ತರಬೇತಿ ಎಷ್ಟೇ ಚೆನ್ನಾಗಿದ್ದರೂ ಬಗೆಹರಿಯದ ಒಂದು ಲೆಕ್ಕವಿದೆ. ಒಬ್ಬೊಬ್ಬರು ಆರಾರು ಮಂದಿಯನ್ನು ಸೇರಿಸುತ್ತಾರೆ, ಒಬ್ಬರೂ ಬಿಡುವುದಿಲ್ಲ ಎಂದಿಟ್ಟುಕೊಳ್ಳಿ. ಏಳನೆಯ ಹಂತಕ್ಕೆ 2,79,936 ಜನ ಬೇಕು, ಎಂಟನೆಯದಕ್ಕೆ 16,79,616. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯ ಜನಸಂಖ್ಯೆ, ತೊಟ್ಟಿಲ ಕೂಸೂ ಸೇರಿ, 11.77 ಲಕ್ಷ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಯಾವ ಹಂತದಲ್ಲಿ ನಿಲ್ಲಿಸಿ ಎಣಿಸಿದರೂ ಆರರಲ್ಲಿ ಐವರು ಕಟ್ಟಕಡೆಯ ಸಾಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಡೌನ್‌ಲೈನ್ ಎಂಬುದೇ ಇಲ್ಲ. ಅಂದರೆ ಯಾರೂ ಬಿಡದಿದ್ದರೆ ಜಿಲ್ಲೆಯ ಜನ ಇನ್ನೂ ಬೇಗ ಮುಗಿಯುತ್ತಾರೆ. ಬಿಟ್ಟವರ ಜಾಗಕ್ಕೆ ಹೊಸಬರು ಬರುತ್ತಿರುವುದರಿಂದಲೇ ಮೇಲಿನವರ ಪೇಔಟ್ ನಡೆಯುತ್ತದೆ. ಬಿಟ್ಟುಹೋಗುವುದು ಈ ವ್ಯವಸ್ಥೆಯ ಕಾಯಿಲೆಯಲ್ಲ, ಅದರ ಉಸಿರು.

ಮನೆಬಾಗಿಲಿಗೆ ಹೋಗಿ ಮಾಡುವ ವ್ಯವಹಾರ ಈ ಊರಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟರು ಮನೆಗೇ, ಅಂಗಡಿಗೇ ಬಂದು ಪಡೆಯುತ್ತಿದ್ದರು. ಅಲ್ಲೂ ಬಂಡವಾಳ ಪರಿಚಯ, ವಿಶ್ವಾಸವೇ. ಏಜೆಂಟರಿಗೆ ಕಮಿಷನ್ನೂ ಇತ್ತು. ಆದರೆ ಪಿಗ್ಮಿ ಕಟ್ಟಿದ ಮೀನಿನವಳು ತನ್ನ ದುಡ್ಡು ಬೆಳೆಯಲೆಂದು ಇನ್ನಾರನ್ನೂ ಸೇರಿಸಬೇಕಿರಲಿಲ್ಲ. ಪಾಸ್‌ಪುಸ್ತಕದ ಮೊತ್ತ ಏರುವುದು ಕಣ್ಣಿಗೆ ಕಾಣುತ್ತಿತ್ತು. ಅವಳನ್ನು ಉಳಿಸಿಕೊಳ್ಳಲು ಸೆಮಿನಾರು ಬೇಕಾಗಲಿಲ್ಲ.

ಕಾನೂನು ಕೂಡ ಈ ವ್ಯತ್ಯಾಸವನ್ನೇ ಹಿಡಿಯಲು ನೋಡಿದೆ. ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ಬಂದದ್ದು 1978ರಲ್ಲಿ. ಸೇರಲು ಶುಲ್ಕ ಕೇಳಬಾರದು, ಮಾರಲಾಗದಷ್ಟು ಸರಕು ಹೊರಿಸಬಾರದು ಎಂದು ಕೇಂದ್ರದ 2016ರ ಮಾರ್ಗಸೂಚಿ ಹೇಳಿತು. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿದವು. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ ಎಂದವು. ಅಮೆರಿಕದಲ್ಲಿ ಹರ್ಬಾಲೈಫ್ ಕಂಪನಿ 2016ರಲ್ಲಿ ಅಲ್ಲಿನ ವ್ಯಾಪಾರ ಆಯೋಗದೊಂದಿಗೆ ಮಾಡಿಕೊಂಡ ಒಪ್ಪಂದ ಇನ್ನೂ ನೇರವಾಗಿದೆ: 20 ಕೋಟಿ ಡಾಲರ್ ಪರಿಹಾರದ ಜೊತೆಗೆ, ವಿತರಕರಿಗೆ ಕೊಡುವ ಪ್ರತಿಫಲದಲ್ಲಿ ಮೂರನೇ ಎರಡರಷ್ಟಾದರೂ ದಾಖಲೆಯಿರುವ ಚಿಲ್ಲರೆ ಮಾರಾಟದಿಂದಲೇ ಬರಬೇಕು.

ನಮ್ಮ ಮೀಟಿಂಗುಗಳಿಗೂ ಇದೇ ಅಳತೆಗೋಲು ಸಾಕು. ಪ್ಲಾನಿಗೂ ಬಂಧುತ್ವಕ್ಕೂ ಸಂಬಂಧವಿಲ್ಲದ ಎಷ್ಟು ಮಂದಿ ಎರಡನೆಯ ಸಲ ಕೇಳಿ ಕೊಂಡರು? ಅಂಥವರಿದ್ದರೆ ಹೊಸಬರನ್ನು ಹಿಡಿದಿಡುವ ಪಾಠವೇ ಬೇಡ, ಲಾಭವೇ ಅವರನ್ನು ನಿಲ್ಲಿಸುತ್ತದೆ. ಇಲ್ಲದಿದ್ದರೆ ಉಳಿಸಿಕೊಳ್ಳುವುದು ಎಂದರೆ ನಷ್ಟವನ್ನು ಇನ್ನಷ್ಟು ತಿಂಗಳು ಮುಂದುವರಿಸುವುದು ಎಂದೇ ಅರ್ಥ. ನಿಜವಾದ ಹಿತೈಷಿ ಅಪ್‌ಲೈನ್ ಮೊದಲ ದಿನವೇ ಹೇಳಬೇಕಾದ ಮಾತುಗಳು ಎರಡು: ಮಾರದ ಸರಕನ್ನು ಹಿಂದಿರುಗಿಸುವುದು ಹೇಗೆ, ಎಷ್ಟು ನಷ್ಟವಾದಾಗ ನಿಲ್ಲಿಸಬೇಕು. ಮೂರು ತಿಂಗಳ ಖರ್ಚು ಜಮೆ ಬರೆದು ನೋಡಿ ಬಿಟ್ಟವರಿಗೆ ಛಲ ಇಲ್ಲ ಎನ್ನಬೇಡಿ. ಲೆಕ್ಕ ಬಂದದ್ದು ಅವರಿಗೇ.