ಪುಷ್ಪಕ ವಿಮಾನ ಇಳಿದ ಮೇಲೆ

'ಬ್ರೇಕಿಂಗ್ ಬ್ಯಾಡ್'ನ ವಾಲ್ಟರ್ ವೈಟ್ ಒಂದು ಕಾಲದಲ್ಲಿ ಶ್ರೀರಾಮನಾಗಿದ್ದ ಅಂದ್ರೆ ಆಫೀಸಿನಲ್ಲಿ ಯಾರೂ ನಂಬಲ್ಲ. ಆದರೆ ನಿಜ. ಜಪಾನ್ ಮತ್ತು ಭಾರತದ ಕಲಾವಿದರು ಸೇರಿ ತೊಂಬತ್ತರ ದಶಕದ ಆರಂಭದಲ್ಲಿ ಮಾಡಿದ 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಅನ್ನೋ ಅನಿಮೇಷನ್ ಚಿತ್ರ ಆಮೇಲೆ ಅಮೆರಿಕಕ್ಕೆ ಹೋಯಿತು. ಅಲ್ಲಿ ರಾಮನಿಗೆ ದನಿ ಕೊಟ್ಟದ್ದು ಬ್ರಯಾನ್ ಕ್ರ್ಯಾನ್‌ಸ್ಟನ್. ಕಥೆ ಹೇಳಿದ್ದು ಮುಫಾಸಾನ ಗಂಟಲು, ಅಂದರೆ ಜೇಮ್ಸ್ ಅರ್ಲ್ ಜೋನ್ಸ್. ಹಿಂದಿಯಲ್ಲಿ ಅರುಣ್ ಗೋವಿಲ್ ರಾಮ, ಅಮರೀಶ್ ಪುರಿ ರಾವಣ. 2025ರ ಜನವರಿ 24ಕ್ಕೆ ಈ ಸಿನಿಮಾ ನಮ್ಮ ಥಿಯೇಟರ್‌ಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ ಜೊತೆಗೆ ತಮಿಳು, ತೆಲುಗಿನಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ.

ಈ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಸಿನಿಮಾ.

ಯೂಗೊ ಸಾಕೊ ಎಂಬ ಜಪಾನಿ ನಿರ್ದೇಶಕ 1983ರ ಸುಮಾರಿಗೆ ಭಾರತಕ್ಕೆ ಬಂದದ್ದು ರಾಮಾಯಣಕ್ಕೆ ಸಂಬಂಧಿಸಿದ ಉತ್ಖನನಗಳ ಬಗ್ಗೆ ಡಾಕ್ಯುಮೆಂಟರಿ ಮಾಡೋಕೆ. ಕಥೆ ಹಿಡಿದುಕೊಂಡುಬಿಟ್ಟಿತು. ನಟರ ಮುಖಕ್ಕಿಂತ ಚಿತ್ರದಲ್ಲೇ ರಾಮ ಚೆನ್ನಾಗಿ ಬರ್ತಾನೆ ಅಂತ ಆತನಿಗೆ ಅನ್ನಿಸಿತು. ಜೊತೆಗೆ ನಿಂತವರು ಕೊಯಿಚಿ ಸಾಸಾಕಿ ಮತ್ತು ನಮ್ಮ ರಾಮ್ ಮೋಹನ್. ಫಿಲ್ಮ್ಸ್ ಡಿವಿಷನ್‌ನಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಅವರಿಂದ ಕಸಬು ಕಲಿತ ಈ ರಾಮ್ ಮೋಹನ್ ಅವರೇ ಮುಂದೆ ಯುನಿಸೆಫ್‌ನ 'ಮೀನಾ'ಗೆ ರೂಪ ಕೊಟ್ಟವರು. ಲಕ್ಷದಷ್ಟು ಚಿತ್ರಗಳನ್ನು ಕೈಯಲ್ಲೇ ಬಿಡಿಸಿ, ಬಣ್ಣ ಹಾಕಿದ್ದಾರೆ. ಪಂಚೆ ಹೇಗೆ ಉಡ್ತಾರೆ, ಹಿರಿಯರಿಗೆ ಹೇಗೆ ನಮಸ್ಕಾರ ಮಾಡ್ತಾರೆ ಅನ್ನೋದನ್ನೆಲ್ಲ ನಮ್ಮವರು ಜಪಾನಿ ಕಲಾವಿದರಿಗೆ ಹೇಳಿಕೊಡಬೇಕಾಯಿತಂತೆ. ಸಂಗೀತ ವನರಾಜ್ ಭಾಟಿಯಾ ಅವರದ್ದು.

ನಾನು ಇದನ್ನು ಮೊದಲು ನೋಡಿದ್ದು ಚಾಮರಾಜಪೇಟೆಯ ಅಜ್ಜಿ ಮನೆಯಲ್ಲಿ, ಬೇಸಿಗೆ ರಜೆಯಲ್ಲಿ, ಕಾರ್ಟೂನ್ ನೆಟ್‌ವರ್ಕ್‌ನ ಹಿಂದಿಯಲ್ಲಿ. ನನಗೆ ಹಿಂದಿ ಅರ್ಧ ಗೊತ್ತಿತ್ತು, ಕಥೆ ಅರ್ಧ ಗೊತ್ತಿತ್ತು. ಅಜ್ಜಿಗೆ ಹಿಂದಿ ಸುತರಾಂ ಬರ್ತಿರಲಿಲ್ಲ, ಕಥೆ ಪೂರ್ತಿ ಬರ್ತಿತ್ತು. "ಈಗ ಅವ್ನು ಉಂಗುರ ಕೊಡ್ತಾನೆ ನೋಡು" ಅಂತ ಅವರು ಮೊದಲೇ ಹೇಳಿಬಿಡೋರು. ಇಬ್ಬರೂ ಸೇರಿ ಹೇಗೋ ಒಂದು ಇಡೀ ಸಿನಿಮಾ ನೋಡಿದ್ವಿ.

ಆಗ ನನಗೆ ಬೇಕಿದ್ದದ್ದು ಹನುಮಂತ ಮಾತ್ರ. ಸಮುದ್ರ ಹಾರೋದು, ಬಾಲಕ್ಕೆ ಬೆಂಕಿ, ಲಂಕೆ ಧಗಧಗ. ಮೂವತ್ತು ದಾಟಿ, ಇಎಂಐ ಕಟ್ಟುತ್ತಾ ಅದೇ ಸಿನಿಮಾ ನೋಡಿದರೆ ಕಣ್ಣು ಹೋಗಿ ನಿಲ್ಲೋದು ಕುಂಭಕರ್ಣನ ಮೇಲೆ. ಅವನನ್ನು ಎಬ್ಬಿಸೋದು ಮಕ್ಕಳಿಗೆ ತಮಾಷೆ, ನಮಗಲ್ಲ. ನಿದ್ದೆಯಿಂದ ಎಬ್ಬಿಸಿ, ಯಾರೋ ಮಾಡಿದ ತಪ್ಪನ್ನು ತಲೆಗೆ ಕಟ್ಟಿ, ಈಗಲೇ ಹೋಗಿ ಸರಿಮಾಡು ಅಂತಾರೆ. ಅಣ್ಣ ಮಾಡಿದ್ದು ತಪ್ಪು ಅಂತ ಗೊತ್ತು, ಆದರೂ ಹೋಗ್ತಾನೆ. ಆ ದೊಡ್ಡ ಮೈ ನೆಲಕ್ಕೆ ಬೀಳುವಾಗ ಮಗುವಾಗಿದ್ದಾಗ ಚಪ್ಪಾಳೆ ತಟ್ಟಿದ್ದೆ. ಈಗ ಆ ಬೀಳುವಿಕೆ ತುಂಬಾ ಹೊತ್ತು ತಗೊಳ್ಳುತ್ತೆ ಅನ್ನಿಸುತ್ತೆ. ಸಾಕೊ ತಂಡದ ದೊಡ್ಡ ಗುಣ ಇದೇ. ರಾಕ್ಷಸರನ್ನೂ ಪ್ರೀತಿಯಿಂದ ಬಿಡಿಸಿದ್ದಾರೆ. ಸಾಯುವವನಿಗೂ ತೂಕ ಇದೆ. ನಮ್ಮ ಟಿವಿ ಪುರಾಣಗಳಲ್ಲಿ ಗಹಗಹಿಸಿ ನಗೋದಷ್ಟೇ ರಾಕ್ಷಸರ ಕೆಲಸ.

ಕಾಡುಗಳೂ ಹಾಗೇ. ಹಸಿರು ಅಂದರೆ ಒಂದೇ ಹಸಿರಲ್ಲ. ಎಲೆಗಳ ನಡುವಿನಿಂದ ಬೀಳುವ ಬಿಸಿಲಿಗಾಗಿ ಕೂತು ಕೆಲಸ ಮಾಡಿದ್ದಾರೆ. ಕಂಪ್ಯೂಟರ್ ಗ್ರಾಫಿಕ್ಸ್‌ನ ಪ್ಲಾಸ್ಟಿಕ್ ದೇವರುಗಳನ್ನು ನೋಡಿ ಸುಸ್ತಾದ ಕಣ್ಣಿಗೆ ಇದು ತಂಪು.

ಹಾಗಂತ ತಕರಾರು ಇಲ್ಲದೆ ಇಲ್ಲ. ಸಿನಿಮಾ ರಾವಣವಧೆ ಮುಗಿಸಿ, ಗಂಡಹೆಂಡಿರನ್ನು ಸೇರಿಸಿ, ಪುಷ್ಪಕ ವಿಮಾನದಲ್ಲಿ ಕೂರಿಸಿ ಅಯೋಧ್ಯೆಗೆ ಕಳಿಸಿಬಿಡುತ್ತೆ. ಉತ್ತರಕಾಂಡ ಇಲ್ಲ. ಅದಕ್ಕೆ ನನ್ನ ಆಕ್ಷೇಪ ಇಲ್ಲ, ನಮ್ಮ ಮನೆಗಳಲ್ಲೂ ಪಾರಾಯಣ ಪಟ್ಟಾಭಿಷೇಕಕ್ಕೇ ನಿಲ್ಲುತ್ತೆ. ಆದರೆ ಅಗ್ನಿಪ್ರವೇಶ? ಅದು ಯುದ್ಧಕಾಂಡದಲ್ಲೇ ಇರುವಂಥದ್ದು. ಅದನ್ನೂ ಸದ್ದಿಲ್ಲದೆ ಬಿಟ್ಟಿದ್ದಾರೆ. ಮಕ್ಕಳ ಸಿನಿಮಾ, ಸರಿ. ದೊಡ್ಡವರಾಗಿ ನೋಡುವಾಗ ಮಾತ್ರ ಆ ಜಾಗದಲ್ಲಿ ಒಂದು ಖಾಲಿ ಇದೆ ಅಂತ ಗೊತ್ತಾಗುತ್ತೆ. ಲಂಕೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದ್ದ ಸೀತೆ ಕೊನೆಯಲ್ಲಿ ಬರೀ ಬಹುಮಾನದ ಥರ ಕೈಗೆ ಸಿಗುತ್ತಾಳೆ. ಅವಳಿಗೆ ಅನ್ಯಾಯ ಆಗದಿರಲಿ ಅಂತ ಅವಳ ಮಾತನ್ನೇ ತೆಗೆದ ಹಾಗಾಯಿತು.

ಕನ್ನಡದವರಿಗೆ ಇದು ಹೆಚ್ಚು ಕಾಣಬೇಕು. ಯಾಕಂದ್ರೆ ಈ ಗಂಟನ್ನು ಬಿಚ್ಚೋಕೆ ಇನ್ನೊಂದು ದಾರಿ ನಮ್ಮಲ್ಲೇ ಇದೆ. 1949ರಲ್ಲಿ ಬಂದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಕುವೆಂಪು ಅಗ್ನಿಪ್ರವೇಶವನ್ನು ಬಿಟ್ಟಿಲ್ಲ, ಇದ್ದಂತೆಯೂ ಇಟ್ಟಿಲ್ಲ. ಸೀತೆಯ ಜೊತೆ ರಾಮನೂ ಬೆಂಕಿಗೆ ಇಳಿಯುತ್ತಾನೆ. ಅದಕ್ಕೂ ಶತಮಾನಗಳ ಹಿಂದೆ ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ಆ ರಾವಣನೋ ಪಶ್ಚಾತ್ತಾಪ ಪಡಬಲ್ಲ ಮನುಷ್ಯ. ಕಥೆಯನ್ನು ಇಷ್ಟು ಧೈರ್ಯವಾಗಿ ತಿರುಗಿಸಿ ನೋಡಿದ ಭಾಷೆ ನಮ್ಮದು. ಅಂಥ ಭಾಷೆಯಲ್ಲಿ ಈ ಸಿನಿಮಾದ ರಾಮ ಒಂದು ಮಾತೂ ಆಡಲ್ಲ.

ಅದೂ ಎಲ್ಲಿ? ಚಾಮರಾಜಪೇಟೆಯ ಲೆಕ್ಕ ತಗೊಳ್ಳಿ. 1939ರಿಂದ ಇಲ್ಲಿ ಶ್ರೀರಾಮ ಸೇವಾ ಮಂಡಳಿಯ ರಾಮೋತ್ಸವ ನಡೀತಿದೆ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ದೇಶದ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಹಾಡಿ ಹೋಗಿದ್ದಾರೆ. ಪಾನಕ, ಕೋಸಂಬರಿಗೆ ಇಲ್ಲಿ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. 1938ರಲ್ಲಿ ಆರ್. ಕಲ್ಯಾಣಮ್ಮ ಶುರು ಮಾಡಿದ ಮಕ್ಕಳ ಕೂಟ ಇಲ್ಲೇ ಇದೆ, ಕನ್ನಡ ಸಾಹಿತ್ಯ ಪರಿಷತ್ತೂ ಇಲ್ಲೇ. ಮಕ್ಕಳು, ಕನ್ನಡ, ರಾಮ, ಮೂರೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಇಲ್ಲಿನ ಮಗು ಮಾತ್ರ ರಾಮನನ್ನು ಹಿಂದಿಯಲ್ಲಿ ಕೇಳಿಸಿಕೊಂಡು ಬೆಳೀತು.

ಕಾರಣ ಗೊತ್ತಿರೋದೇ. ಅರವತ್ತರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಅವರಂಥವರು ಡಬ್ಬಿಂಗ್ ವಿರುದ್ಧ ನಿಂತಾಗ ಅದಕ್ಕೊಂದು ನ್ಯಾಯ ಇತ್ತು. ಬೆರಳೆಣಿಕೆಯಷ್ಟು ಕನ್ನಡ ಚಿತ್ರಗಳಿದ್ದ ಕಾಲ, ಡಬ್ಬಿಂಗ್ ಬಂದಿದ್ದರೆ ಉದ್ಯಮ ಚಿಗುರುತ್ತಲೇ ಇರಲಿಲ್ಲ. ಆದರೆ ಆ ಬೇಲಿ ಐವತ್ತು ವರ್ಷ ನಿಂತಿತು. ಕಾಂಪಿಟಿಷನ್ ಕಮಿಷನ್ ಅದರ ವಿರುದ್ಧ ಆದೇಶ ಕೊಟ್ಟದ್ದು 2015ರಲ್ಲಿ. ಅಷ್ಟು ದಿನ ನಟರಿಗೆ, ತಂತ್ರಜ್ಞರಿಗೆ ರಕ್ಷಣೆ ಸಿಕ್ಕಿತು. ಕನ್ನಡದಲ್ಲಿ ಯಾರೂ ಕಾರ್ಟೂನ್ ಸಿನಿಮಾ ಮಾಡ್ತಿರಲಿಲ್ಲ, ಹೊರಗಿನದ್ದು ಕನ್ನಡಕ್ಕೆ ಬರೋ ಹಾಗಿರಲಿಲ್ಲ. ಆ ಸಂಧಿಯಲ್ಲಿ ಸಿಕ್ಕಿಕೊಂಡವರು ಮಕ್ಕಳು. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಸಣ್ಣದೊಂದು ಕಿಂಡಿ ತೆರೆಯಿತು, ನಮ್ಮ ವಯಸ್ಸಿನವರಿಗೆ ಅಷ್ಟರಲ್ಲಿ ಹೊತ್ತು ಮೀರಿತ್ತು.

ಇದೆಲ್ಲ ಭಾಷಾಭಿಮಾನದ ಮಾತು ಅಂತ ತಳ್ಳಿಹಾಕಬೇಡಿ. ನನ್ನ ವಾದ ಸರಳ. ಮಗು ಯಾವ ಭಾಷೆಯಲ್ಲಿ ಹೆದರುತ್ತೋ, ಯಾವ ಭಾಷೆಯಲ್ಲಿ ಹನುಮಂತನ ಜೊತೆ ಹಾರುತ್ತೋ, ದೊಡ್ಡದಾದ ಮೇಲೆ ಆ ಭಾಷೆಯಲ್ಲೇ ಕಲ್ಪನೆ ಮಾಡುತ್ತೆ. ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಕನ್ನಡದಲ್ಲಿ ಊಟ ಕೇಳ್ತೀವಿ, ಮಗುವಿಗೆ ಕಥೆ ಹೇಳೋಕೆ ಕೂತ ತಕ್ಷಣ ಇಂಗ್ಲಿಷ್‌ಗೆ ಜಾರುತ್ತೀವಿ. ಅದು ಸುಮ್ಮನೆ ಆದದ್ದಲ್ಲ.

ಡಬ್ಬಿಂಗ್‌ಗೆ ಈಗ ಯಾರೂ ಅಡ್ಡ ನಿಂತಿಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಹೊಂಬಾಳೆ ಅರ್ಪಿಸಿದ 'ಮಹಾವತಾರ ನರಸಿಂಹ' ಕನ್ನಡದಲ್ಲೂ ಬಂತು. ಚಿತ್ರಕಲೆಯಲ್ಲಿ ಅದು ಸಾಕೊನ ಸಿನಿಮಾದ ಹತ್ತಿರ ಸುಳಿಯಲ್ಲ ಅಂತ ನನಗನ್ನಿಸಿದರೂ, ಪ್ರಹ್ಲಾದ ಕನ್ನಡದಲ್ಲಿ ಮಾತಾಡಿದ ಅನ್ನೋದು ಸಣ್ಣ ವಿಷಯ ಅಲ್ಲ. ಅದೇ ವರ್ಷದ ಜನವರಿಯಲ್ಲಿ ರಾಮನಿಗೆ ಸಿಗದ ಭಾಗ್ಯ ಅದು. ಕಾನೂನು ಅಡ್ಡ ಬರದಿದ್ದಾಗಲೂ ಕನ್ನಡದ ಟಿಕೆಟ್ ಯಾರು ಕೊಳ್ತಾರೆ ಅಂತ ವ್ಯಾಪಾರಿಗೆ ಅನುಮಾನ ಇದ್ದರೆ, ಆ ಅನುಮಾನ ಹುಟ್ಟಿಸಿದವರಲ್ಲಿ ಪಿವಿಆರ್‌ನಲ್ಲಿ ಭಾಷೆ ನೋಡದೆ ಸೀಟು ಮಾತ್ರ ನೋಡಿ ಬುಕ್ ಮಾಡುವ ನಾವೂ ಇದ್ದೇವೆ.

ಸಿನಿಮಾ ಖಂಡಿತ ನೋಡಿ, ಮನೆಯಲ್ಲಿ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಂಡು ನೋಡಿ. ಸೌಂಡ್ ಸ್ವಲ್ಪ ಕಡಿಮೆ ಮಾಡಿ, ನಡುನಡುವೆ ನೀವೇ ಕನ್ನಡದಲ್ಲಿ ಹೇಳ್ತಾ ಹೋಗಿ. ಕುಂಭಕರ್ಣ ಎದ್ದಾಗ ಒಂದು ಪಾಸ್ ಕೊಟ್ಟು, ಅವನಿಗೆ ಯುದ್ಧ ಇಷ್ಟ ಇತ್ತಾ ಅಂತ ಕೇಳಿ. ಪುಷ್ಪಕ ವಿಮಾನ ಇಳಿದ ಮೇಲೆ ಟಿವಿ ಆಫ್ ಮಾಡಿ ಮಲಗಿಸಿಬಿಡಬೇಡಿ. "ಆಮೇಲೆ ಸೀತೆ ಏನಂದ್ಳು?" ಅಂತ ಮಗು ಕೇಳೇ ಕೇಳುತ್ತೆ. ಸಿನಿಮಾದಲ್ಲಿ ಅದಕ್ಕೆ ಉತ್ತರ ಇಲ್ಲ. ಕುವೆಂಪು ಕೊಟ್ಟ ಉತ್ತರ ಮನೆಯ ಕಪಾಟಿನಲ್ಲೋ, ಪರಿಷತ್ತಿನ ಪುಸ್ತಕದ ಮಳಿಗೆಯಲ್ಲೋ ಸಿಗುತ್ತೆ, ಮೊದಲು ನೀವು ಓದಿಕೊಂಡಿರಿ.