ಅಸ್ಥಿಪಂಜರದ ಆಚೆಗೆ

ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ 2000ದಲ್ಲಿ ತೆರೆದ ಡೈನೊಸಾರ್ ಪ್ರದರ್ಶನ ಮೆಚ್ಚತಕ್ಕದ್ದೇ. ಯಾಮನಪಲ್ಲಿಯ ಬಳಿ ದೊರೆತ ಕೋಟಸಾರಸ್ಸಿನ ಅಸ್ಥಿಪಂಜರದ ಮುಂದೆ ಮಕ್ಕಳು ಬೆರಗಾಗಿ ನಿಲ್ಲುತ್ತಾರೆ. ಆದರೆ ಪಾಠ ಅಲ್ಲಿಗೇ ನಿಂತರೆ, ಪ್ರಾಣಿಗಳು ಅಳಿಯುವುದೆಂದರೆ ಮನುಷ್ಯನೇ ಇಲ್ಲದ ಕಾಲದ ಕಥೆಯೆಂದು ಅವರು ತಿಳಿದಾರು.

ಅವರಿಗೆ ಕಲಿವಿಕೋಡಿಯ ಸಂಗತಿಯನ್ನೂ ಹೇಳಬೇಕು. ಜೆರ್ಡನ್ನನ ಹೆಸರು ಹೊತ್ತ ಈ ಪುಟ್ಟ ಹಕ್ಕಿ 1900ರ ಬಳಿಕ ಕಾಣದೆ, ಅಳಿಯಿತೆಂದೇ ಎಣಿಸಿದ್ದಾಗ, 1986ರಲ್ಲಿ ಕಡಪ ಜಿಲ್ಲೆಯಲ್ಲಿ ಮತ್ತೆ ಸಿಕ್ಕಿತು. ನಾವು ಪಾಳುಭೂಮಿಯೆಂದು ಹಗುರಾಗಿ ಕರೆಯುವ ಕುರುಚಲು ಕಾಡೇ ಅದರ ಮನೆ. ಅದನ್ನು ಕಡಿದರೆ ಹಕ್ಕಿಗೆ ನೆಲೆಯಿಲ್ಲ. ಡೈನೊಸಾರನ್ನು ಉಳಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಇದು ನಮ್ಮ ಕೈಯಲ್ಲಿದೆ. ಪ್ರದರ್ಶನ ಬೆರಗನ್ನು ಕೊಡುತ್ತದೆ. ಹೊಣೆಯನ್ನು ತಾಯಿತಂದೆಯರೇ ಕಲಿಸಬೇಕು.